ಕುಂಡಕ್ಕೆ ಬಂದ ಸಕ್ಕರೆ ಕಾಯಿಲೆ

ಅಂಗಡಿಗಳ ಕಬ್ಬಿಣದ ಷಟರ್ ರಿಪೇರಿ ಮಾಡುತ್ತಿದ್ದುದರಿಂದ ಎಲ್ಲರೂ ಅವನನ್ನು ಷಟರ್ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆತ್ತ ತಾಯಿಯೂ ಹಾಗೇ ಕರೆಯುತ್ತಿದ್ದಳು. ಅದಕ್ಕೆ ಅವನಿಗೇನೂ ಬೇಜಾರಿರಲಿಲ್ಲ. ಅವನಿಗೆ ಆಗಿಬರದ ಮಾತು ಒಂದೇ: ಪರೀಕ್ಷೆ. ಶಾಲೆಯ ಕೊನೆಯ ವರ್ಷ ಫೇಲಾದಾಗ ಮೇಷ್ಟ್ರು ಅವನ ಉತ್ತರಪತ್ರಿಕೆಯನ್ನು ಇಡೀ ತರಗತಿಗೆ ಓದಿ ಹೇಳಿ ನಗಿಸಿದ್ದರು. ಅವತ್ತು ಹೊರಗೆ ಬಂದವನು ಮತ್ತೆ ಆ ಗೇಟು ದಾಟಿದ್ದು ಶಾಲೆಯ ಉಗ್ರಾಣದ ಷಟರ್ ಜಾಮ್ ಆದಾಗಲೇ. ಅದೇ ಮೇಷ್ಟ್ರು "ಬೇಗ ಮಾಡಪ್ಪಾ" ಎಂದು ಗೋಗರೆದದ್ದನ್ನೂ, ತಾನು ಬೇಕಂತಲೇ ಸ್ಪ್ರಿಂಗನ್ನು ಮೂರು ಸಲ ಬಿಚ್ಚಿ ಹಾಕಿದ್ದನ್ನೂ ಅವನು ಕೊಚ್ಚಿಕೊಳ್ಳದ ಗಿರಾಕಿಯೇ ಇರಲಿಲ್ಲ.

ಇಂಥವನ ಮನೆಗೆ ಪರೀಕ್ಷೆ ಹೆಂಡತಿಯ ಹೊಟ್ಟೆಯ ದಾರಿಯಿಂದ ಬಂತು.

ಅವಳು ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಸಾಲಿನಲ್ಲಿ ನಿಲ್ಲುವವಳು. ಆರು ತಿಂಗಳ ಬಸುರಿ. ಆ ಸಂಜೆ ಬಂದವಳೇ ಹೊಸ್ತಿಲ ಮೇಲೆ ಕೂತು ಚಪ್ಪಲಿ ಕಳಚಿ, ಊದಿದ ಪಾದ ಒತ್ತಿಕೊಳ್ಳುತ್ತಾ ಹೇಳಿದಳು:

"ರೀ, ಆಸ್ಪತ್ರೇಲಿ ಸಕ್ಕರೆ ಪರೀಕ್ಷೆ ಇದೆಯಂತೆ. ಬಸುರಿಯರೆಲ್ಲ ಹೋಗ್ಬೇಕಂತೆ. ಮೊದಲು ಒಂದು ಭಾಷಣ, ಅದಕ್ಕೆ ಗಂಡಂದಿರೂ ಬರ್ಬೇಕಂತೆ."

"ಪರೀಕ್ಷೇನಾ?" ಅವನ ಕಿವಿ ಬಿಸಿಯಾಯಿತು. "ಬಸುರಿಗೆ ಏನೇ ಪರೀಕ್ಷೆ?"

"ಸಕ್ಕರೆ ನೀರು ಕುಡಿಸ್ತಾರಂತೆ. ಆಮೇಲೆ ಕೂರಿಸಿ ರಕ್ತ ತೆಗೀತಾರಂತೆ. ಜಾಸ್ತಿ ಬಂದ್ರೆ ಕಾರ್ಖಾನೆಗೆ ಹೇಳ್ತಾರೆ."

ಒಳಗಿನಿಂದ ಅವನ ತಾಯಿ ಕೂಗಿದಳು: "ನಾನು ಇವನನ್ನ ಹೆತ್ತಾಗ ಯಾವ ಸಕ್ಕರೆ ನೀರೂ ಕುಡಿಸ್ಲಿಲ್ಲ!"

"ಅದಕ್ಕೇ ಅಮ್ಮಾ ನಾನು ಇಷ್ಟು ಕಹಿ."

ಹೆಂಡತಿ ನಗಲಿಲ್ಲ. ಕಾರ್ಖಾನೆಗೆ ಹೇಳ್ತಾರೆ ಎಂಬುದರ ಅರ್ಥ ಆ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಕ್ಕರೆ ಇದೆ ಅಂತಾದರೆ ಮ್ಯಾನೇಜರು ಬಲು ಕನಿಕರದಿಂದ, ತಲೆ ಒಂದು ಪಕ್ಕಕ್ಕೆ ವಾಲಿಸಿ, "ನೀವು ವಿಶ್ರಾಂತಿ ತಗೊಳ್ಳಿ ತಾಯಿ" ಅನ್ನುತ್ತಿದ್ದರು. ಪಕ್ಕದ ಮನೆಯ ಅಕ್ಕನಿಗೂ ಹಾಗೇ ಅಂದಿದ್ದರು. ಅವಳ ಮಗು ಈಗ ಓಣಿಯ ತುಂಬ ಓಡಾಡಿಕೊಂಡಿತ್ತು, ಅವಳ ವಿಶ್ರಾಂತಿ ಮಾತ್ರ ಇನ್ನೂ ಮುಗಿದಿರಲಿಲ್ಲ. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಬೇರೆ ಯಾರೋ ನಿಂತು ಕ್ರೀಮ್ ಬಿಸ್ಕತ್ತು ಸುತ್ತುತ್ತಿದ್ದಳು.

"ಹಾಗಿದ್ರೆ ನೀನು ಫೇಲಾಗೋ ಹಾಗಿಲ್ಲ," ಎಂದ ಷಟರ್.

* * *

ಆಸ್ಪತ್ರೆಯಲ್ಲಿ ಮೊದಲು ಹಾರ, ಆಮೇಲೆ ಭಾಷಣ, ರಕ್ತ ಎಲ್ಲಕ್ಕಿಂತ ಕೊನೆಗೆ, ಅದೂ ಇನ್ನೊಂದು ದಿನ. ದೊಡ್ಡ ಡಾಕ್ಟರು ಅಂದರೆ ಆಸ್ಪತ್ರೆಯ ಯಜಮಾನರು. ಅವರ ಕನ್ನಡಕ ಸದಾ ಹಣೆಯ ಮೇಲಿರುತ್ತಿತ್ತು. ಕಣ್ಣಿನವರೆಗೆ ಇಳಿದದ್ದನ್ನು ಕಂಡವರಿಲ್ಲ. ಅವರು ಇದು ಚಾರಿತ್ರಿಕ ದಿನ ಎಂದು ಶುರುಮಾಡಿ, ತಾವು ಎಷ್ಟು ಚಾರಿತ್ರಿಕ ದಿನಗಳನ್ನು ಕಂಡಿದ್ದೇವೆಂದು ಒಂದೊಂದಾಗಿ ಹೇಳತೊಡಗಿದರು. ಬಸುರಿಯರು ಕುರ್ಚಿಯಲ್ಲಿ ಈ ಕಡೆ ಆ ಕಡೆ ಹೊರಳಿದರು. ಗಂಡಂದಿರು ಗೋಡೆಗೊರಗಿ ಆಕಳಿಸಿದರು.

ಆಮೇಲೆ ಎದ್ದವಳು ಒಬ್ಬ ಎಳೇ ವಯಸ್ಸಿನ ಡಾಕ್ಟರು. ಕೈಯಲ್ಲಿ ನೇರಳೆ ಮುಚ್ಚಳದ ಪುಟ್ಟ ಗಾಜಿನ ಟ್ಯೂಬು. ಅವತ್ತಿನಿಂದ ಹೆಂಗಸರು ಆಕೆಯನ್ನು ಟ್ಯೂಬ್ ಮೇಡಂ ಅಂದರು.

"ನೋಡಿ, ಬಸುರಿನಲ್ಲಿ ಕೆಲವರಿಗೆ ರಕ್ತದಲ್ಲಿ ಸಕ್ಕರೆ ಏರುತ್ತೆ. ತುಂಬಾ ಜನಕ್ಕೆ ಏರಿದ್ದೇ ಗೊತ್ತಾಗಲ್ಲ. ಆದ್ರೆ ಒಳಗಿರೋ ಮಗುವಿಗೆ ತಟ್ಟುತ್ತೆ. ಮಗು ಅಳತೆ ಮೀರಿ ಬೆಳೆಯುತ್ತೆ, ಹೆರಿಗೆ ಕಷ್ಟವಾಗುತ್ತೆ, ಹುಟ್ಟಿದ ಮೇಲೆ ಮಗು ಸುಸ್ತಾಗಿ ಬೀಳಬಹುದು. ಮೊದಲೇ ಗೊತ್ತಾದ್ರೆ ಏನೂ ಭಯ ಇಲ್ಲ. ಊಟ ಸರಿಮಾಡ್ಕೊಂಡು, ಬೇಕಾದ್ರೆ ಇಂಜೆಕ್ಷನ್ ತಗೊಂಡು ಆರಾಮಾಗಿ ಹೆರಬಹುದು."

ಈ ಮಾತನ್ನು ಷಟರ್ ಕೇಳಿಸಿಕೊಂಡ. ಕೇಳಿಸಿಕೊಂಡದ್ದು ಒಳಗೆ ಇಳಿಯಲಿಲ್ಲ. ಅವನ ತಲೆಯೊಳಗೆ ಮ್ಯಾನೇಜರು ತಲೆ ವಾಲಿಸಿಕೊಂಡು ನಿಂತಿದ್ದರು.

ಮೇಡಂ ಟ್ಯೂಬನ್ನು ಎತ್ತಿ ಹಿಡಿದಳು. "ರಕ್ತದಲ್ಲಿ ಒಂದು ಪ್ರೋಟೀನ್ ಓಡಾಡ್ತಿರುತ್ತೆ. ಸಕ್ಕರೆ ಜಾಸ್ತಿಯಾದಷ್ಟೂ ಅದರ ಮೈಗೆ ಅಂಟ್ಕೊಳ್ಳುತ್ತೆ. ಎರಡು ಮೂರು ವಾರ ಹಾಗೇ ಇರುತ್ತೆ. ಅದನ್ನ ಅಳೆದ್ರೆ ಹಿಂದಿನ ದಿನಗಳಲ್ಲಿ ಏನು ನಡೀತು ಅಂತ ರಕ್ತಾನೇ ಹೇಳುತ್ತೆ. ಇಂಥದ್ದಕ್ಕೆ ನಾವು ಮಾರ್ಕರ್ ಅಂತೀವಿ. ಗುರುತು ಅಂದ್ಕೊಳ್ಳಿ. ಇದು ಕೆಲಸ ಮಾಡ್ತು ಅಂದ್ರೆ ಬರೀ ಹೊಟ್ಟೇಲಿ ಬರೋದು ಬೇಡ, ಕಾಯೋದು ಬೇಡ. ಒಂದು ಸಲ ಚುಚ್ಚಿದ್ರೆ ಮುಗೀತು."

ಹೆಂಡತಿ ತನ್ನ ಬೆರಳನ್ನೊಮ್ಮೆ ನೋಡಿಕೊಂಡಳು. ಕಾರ್ಖಾನೆಯ ಸಕ್ಕರೆ ಪುಡಿ ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಉಳಿಯುತ್ತಿತ್ತು. ಅವಳಿಗೆ ಮಾತು ಸಲೀಸಾಗಿ ಅರ್ಥವಾಗಿರಬೇಕು. ಎದ್ದು ಕೇಳಿದಳು:

"ಹಾಗಾದ್ರೆ ಸಕ್ಕರೆ ನೀರು ಬೇಡ್ವಾ ಮೇಡಂ?"

"ಸದ್ಯಕ್ಕೆ ಬೇಕಮ್ಮಾ. ಹಳೇ ಪರೀಕ್ಷೆ ಹೇಳಿದ್ದೇ ನಿಜ ಅಂತ ಇಟ್ಕೋಬೇಕು. ನನ್ನ ಮಾರ್ಕರ್ ಅದಕ್ಕೆ ತಾಳೆಯಾಗುತ್ತಾ ನೋಡ್ಬೇಕು. ಅಲ್ಲಿವರೆಗೂ ನನ್ನ ಟ್ಯೂಬಿನಲ್ಲಿ ಏನು ಬಂತು ಅಂತ ಯಾರಿಗೂ ಹೇಳೋ ಹಾಗಿಲ್ಲ. ಅದು ನಿಯಮ."

"ನನ್ನ ರಕ್ತ ನನಗೇ ಹೇಳಲ್ವಾ?"

"ಪಾಪ, ಹೇಳೋ ಹಾಗಿಲ್ಲ," ಎಂದಳು ಮೇಡಂ. ನಿಜವಾಗಿ ಪಾಪ ಅನ್ನಿಸಿದ ಹಾಗೆಯೇ ಅಂದಳು.

ಭಾಷಣ ಮುಗಿದ ಮೇಲೆ ಎಲ್ಲರಿಗೂ ಹೊಸ ಯಂತ್ರ ತೋರಿಸಿದರು. ಮಾರ್ಕರ್ ಅಳೆಯುವ ಆ ಯಂತ್ರಕ್ಕೆ ಸ್ವಂತ ಕೋಣೆ, ಸ್ವಂತ ಏಸಿ, ಸಾಲದ್ದಕ್ಕೆ ಪರದೆ. ಹಳೇ ಪರೀಕ್ಷೆ ನಡೆಯುತ್ತಿದ್ದದ್ದು ಹೊರಗಿನ ಪಡಸಾಲೆಯಲ್ಲಿ. ಅಲ್ಲಿ ಒಂದು ಉದ್ದನೆಯ ಬೆಂಚು, ಇಡೀ ಬೆಂಚಿಗೆ ಒಬ್ಬಳೇ ನರ್ಸು. ಅವಳೇ ಪುಡಿ ಕಲಸಬೇಕು, ಅವಳೇ ಲೋಟ ಕೊಡಬೇಕು, ಅವಳೇ ಚುಚ್ಚಬೇಕು, ಅವಳೇ ಒಳಗಿನ ವಾರ್ಡಿಗೂ ಓಡಬೇಕು. ಸೂಜಿಯಕ್ಕ ಎಂದು ಕರೆದರೆ ಓಡುತ್ತಲೇ "ಬಂದೆ" ಅನ್ನುತ್ತಿದ್ದಳು. ಯಾವುದನ್ನು ನಂಬಿ ಯಾವುದನ್ನು ಅಳೆಯಬೇಕೋ ಅದನ್ನು ನೋಡಿಕೊಳ್ಳಲು ಇನ್ನೊಂದು ಜೊತೆ ಕಣ್ಣು ಇಡಬೇಕೆಂದು ಅಷ್ಟು ಓದಿದವರ ತಲೆಗೆ ಯಾಕೆ ಹೊಳೆಯಲಿಲ್ಲವೋ. ಕಣ್ಣಿಗೆ ರಿಬ್ಬನ್ ಕಟ್ಟಿ ಉದ್ಘಾಟನೆ ಮಾಡಲಿಕ್ಕಾಗುವುದಿಲ್ಲವಲ್ಲ, ಅದಕ್ಕಿರಬಹುದು.

ಷಟರ್ ಮಾತ್ರ ಯಂತ್ರ ನೋಡಲಿಲ್ಲ. ಬೆಂಚು ನೋಡಿದ. ಸೂಜಿಯಕ್ಕ ಅವತ್ತು ಪರೀಕ್ಷೆಗೆ ಕೂತಿದ್ದ ಬೇರೊಬ್ಬಳಿಗೆ ಲೋಟ ಕೊಟ್ಟು, "ಬೇಗ ಕುಡಿದು ಮುಗಿಸಿ" ಎಂದು ಬೆನ್ನು ತಿರುಗಿಸಿದ್ದನ್ನು ನೋಡಿದ. ಬೆಂಚಿನ ತುದಿಯಲ್ಲಿದ್ದ ದೊಡ್ಡ ಹೂಕುಂಡ ನೋಡಿದ. ಅಗಲ ಎಲೆಯ ಗಿಡ. ಕುಂಡದ ಹೊಟ್ಟೆಯ ಮೇಲೆ ಬಿಸ್ಕತ್ತು ಕಾರ್ಖಾನೆಯ ಕೊಡುಗೆ ಎಂದು ಬಣ್ಣದಲ್ಲಿ ಬರೆದಿತ್ತು.

"ಸಿಕ್ತು," ಅಂದುಕೊಂಡ.

* * *

ತರಬೇತಿ ಮನೆಯಲ್ಲೇ ನಡೆಯಿತು. ತಾಯಿಯನ್ನು ನರ್ಸು ಮಾಡಿದ. ಬಟ್ಟೆ ಒಗೆಯುವ ಬಕೆಟ್ಟು ಹೂಕುಂಡವಾಯಿತು.

"ಅಮ್ಮ ಲೋಟ ಕೊಟ್ಟು ತಿರುಗ್ತಾಳೆ. ಆಗ ನೀನು ಬಗ್ಗಿ ಚಪ್ಪಲಿ ಸರಿ ಮಾಡ್ಕೊಳ್ಳೋ ಹಾಗೆ ಸುರಿದುಬಿಡು. ಮೇಲೆ ಎದ್ದು ಬಾಟ್ಲಿಯಿಂದ ಬರೀ ನೀರು ಒಂದು ಗುಟುಕು. ತುಟಿ ಒದ್ದೆ ಕಾಣ್ಬೇಕು."

"ಬಗ್ಗೋಕೆ ಆಗುತ್ತೇನ್ರೀ ನನಗೆ? ನಡುವೆ ನಿಮ್ಮ ಮಗ ಕೂತಿದ್ದಾನೆ."

"ಹಾಗಾದ್ರೆ ವಾಲು. ಆಮೇಲೆ ಮುಖ ಕಿವುಚು. ಸಿಹಿ ಜಾಸ್ತಿಯಾಗಿ ಓಕರಿಕೆ ಬಂದ ಹಾಗೆ."

ಅವಳು ಮುಖ ಕಿವುಚಿದಳು.

"ಅದು ನನ್ನ ಅಡುಗೆ ತಿಂದಾಗಿನ ಮುಖ," ಎಂದಳು ತಾಯಿ. "ಇನ್ನೊಂದು ಮುಖ ಮಾಡೇ."

ಮೂವರೂ ನಕ್ಕರು. ನಗು ನಿಂತ ಮೇಲೆ ಹೆಂಡತಿ ಕೇಳಿದಳು: "ರೀ, ನಿಜವಾಗ್ಲೂ ಸಕ್ಕರೆ ಇದ್ರೆ?"

"ನಿನಗೆಲ್ಲಿಂದ ಬರುತ್ತೆ? ಕಡ್ಡಿ ಹಾಗಿದ್ದೀಯ."

"ಕಡ್ಡಿ ಹಾಗಿರೋರಿಗೂ ಬರುತ್ತೆ ಅಂದ್ರು ಮೇಡಂ."

"ಮೇಡಂಗೇನು, ನಾಳೆ ಕೆಲಸ ಹೋದ್ರೆ ಅವಳು ಬಂದು ಮನೆ ನಡೆಸ್ತಾಳಾ?" ಎಂದು ಅವನು ಧ್ವನಿ ಏರಿಸಿದ. ಮಾತು ಅಲ್ಲಿಗೆ ಷಟರ್ ಎಳೆದುಕೊಂಡಿತು.

ಪರೀಕ್ಷೆಯ ದಿನ ಎಲ್ಲ ಹೇಳಿಕೊಟ್ಟ ಹಾಗೇ ಆಯಿತು. ಬರೀ ಹೊಟ್ಟೆಯ ರಕ್ತ ಹೇಗೋ ಗೆರೆಯ ಕೆಳಗಿತ್ತು. ಸಕ್ಕರೆ ನೀರು ಕುಂಡಕ್ಕೆ ಹೋಯಿತು. ಆಮೇಲೆ ತೆಗೆದ ರಕ್ತದಲ್ಲಿ ಏರುವುದಕ್ಕೆ ಏನಿತ್ತು ಮಣ್ಣು? ಸಕ್ಕರೆ ಇಲ್ಲ ಎಂದು ಬಂತು. ನೇರಳೆ ಮುಚ್ಚಳದ ಟ್ಯೂಬಿಗೂ ಒಂದಿಷ್ಟು ರಕ್ತ ಹೋಯಿತು. ಅದು ಏಸಿ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿತು.

ಷಟರ್ ಓಣಿಯಲ್ಲಿ ಎದೆಯುಬ್ಬಿಸಿ ನಡೆದ. ಹೆಂಡತಿ ಪಾಸಾಗಿದ್ದಳು. ಒಂದು ರೀತಿಯಲ್ಲಿ ಅವನೇ ಪಾಸಾದ ಹಾಗೆ. ಸುಮ್ಮನಿರಬಹುದಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಪಾಸಾದವನಿಗೆ ಸುಮ್ಮನಿರು ಅಂದರೆ ಹೇಗೆ? ಮೊದಲು ಬಸ್ ಡ್ರೈವರನಿಗೆ ಹೇಳಿದ, ಅವನ ಹೆಂಡತಿಯೂ ಅದೇ ಸಾಲಿನಲ್ಲಿ ನಿಲ್ಲುವವಳು. ಆಮೇಲೆ ಕ್ಷೌರದಂಗಡಿಯಲ್ಲಿ ಹೇಳಿದ, ಅಂದರೆ ಎಲ್ಲರಿಗೂ ಹೇಳಿದ ಹಾಗಾಯಿತು. ಭಾನುವಾರ ಅವನ ಮನೆ ಮುಂದೆ ಗಂಡಂದಿರು ಸೇರತೊಡಗಿದರು. ವಾಲುವುದು ಹೇಗೆ, ಬಾಟಲಿ ಎಲ್ಲಿಡಬೇಕು, ಮುಖ ಎಷ್ಟು ಕಿವುಚಬೇಕು. ಅವನನ್ನು "ಮೇಷ್ಟ್ರೇ" ಎಂದು ಕರೆದರು. ಷಟರ್‌ಗೆ ಮೊದಲ ಸಲ ಆ ಮಾತು ಕೇಳಿ ಮೈ ಜುಮ್ಮೆಂದಿತು. ಅವನ ಶಿಷ್ಯೆಯರಲ್ಲಿ ಒಬ್ಬಳೂ ಫೇಲಾಗಲಿಲ್ಲ. ಅವನಿಗೆ ಪಾಠ ಹೇಳಿದ ಮೇಷ್ಟ್ರಿಗೆ ಅಂಥ ಫಲಿತಾಂಶ ಯಾವ ವರ್ಷ ಬಂದಿತ್ತು?

ಮ್ಯಾನೇಜರಂತೂ ಹಿಗ್ಗಿ ಹೀರೇಕಾಯಿಯಾದರು. ಗೇಟಿನ ಮೇಲೆ ಬೋರ್ಡು ಬಂತು: ಸಕ್ಕರೆ ಕಾಯಿಲೆಯಿಲ್ಲದ ಕಾರ್ಖಾನೆ. ಕೆಳಗೇ ಲಾರಿಯಿಂದ ಸಕ್ಕರೆ ಮೂಟೆ ಇಳಿಯುತ್ತಿದ್ದವು.

* * *

ಮೊದಲು ಗುಟ್ಟು ಬಿಟ್ಟುಕೊಟ್ಟದ್ದು ಇರುವೆಗಳು.

ಪಡಸಾಲೆಯ ಬೆಂಚಿನ ಕೆಳಗೆ ಅವು ಸಾಲು ಹಿಡಿದು ಬಂದವು. ಗೋಡೆಯ ಬಿರುಕಿನಿಂದ ಹೊರಟು, ಔಷಧಿ ಅಂಗಡಿಯ ಕಟ್ಟೆ ದಾಟಿ, ನೇರ ಕುಂಡಕ್ಕೆ. ಗಿಡದ ಬುಡದಲ್ಲಿ ಮಣ್ಣೇ ಕಾಣದಷ್ಟು ಇರುವೆ. ಅಗಲ ಎಲೆಗಳು ಅಂಟಂಟಾಗಿ ಜೋತುಬಿದ್ದವು. ಇಡೀ ಆಸ್ಪತ್ರೆಯ ಜನ ಅದನ್ನು ದಾಟಿಕೊಂಡು ಓಡಾಡಿದರು. ದೊಡ್ಡ ಡಾಕ್ಟರು ಮಾಲಿಯನ್ನು ಕರೆಸಿ ಬೈದರು. ಮಾಲಿ ಇರುವೆ ಪುಡಿ ಹಾಕಿದ. ಇರುವೆಗಳು ಪುಡಿ ಸುತ್ತಿಕೊಂಡು ಬೇರೆ ದಾರಿ ಹಿಡಿದವು. ಬಸುರಿಯರ ಬೆಂಚಿನ ಪಕ್ಕದ ಕುಂಡಕ್ಕೇ ಯಾಕೆ ಇರುವೆ, ಬಾಗಿಲ ಬಳಿಯ ಕುಂಡಕ್ಕೆ ಯಾಕಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಕೇಳಬೇಕಾದವರ ಕನ್ನಡಕ ಹಣೆಯ ಮೇಲಿತ್ತು.

ಇತ್ತ ಮನೆಯಲ್ಲಿ ಹೆಂಡತಿಗೆ ಬಾಯಾರಿಕೆ ನಿಲ್ಲುತ್ತಿರಲಿಲ್ಲ. ಬಿಂದಿಗೆಯ ಪಕ್ಕದಲ್ಲೇ ಕೂರುತ್ತಿದ್ದಳು. ಅಷ್ಟೇ ಸಲ ಎದ್ದು ಹೋಗುತ್ತಿದ್ದಳು. ಪ್ಯಾಕಿಂಗ್ ಸಾಲಿನಲ್ಲಿ ಕಣ್ಣು ಕತ್ತಲೆ ಬಂದು ಒಂದು ಸಲ ಡಬ್ಬದ ರಾಶಿಗೆ ಒರಗಿದ್ದಳು. ಹೊಟ್ಟೆ ತಿಂಗಳನ್ನು ಮೀರಿ ಮುಂದೆ ಓಡುತ್ತಿತ್ತು.

"ಒಂದೇ ಇದೆಯೋ ಎರಡಿವೆಯೋ," ಎಂದಳು ತಾಯಿ, ತಮಾಷೆಗೆ ಅಂತ ಶುರುಮಾಡಿ, ಮುಗಿಸುವಾಗ ತಮಾಷೆಯಿಲ್ಲದೆ.

"ಗಟ್ಟಿ ಪಿಂಡ ಅಮ್ಮಾ. ಪಾಸಾಗಿದ್ದಾಳಲ್ಲ," ಎಂದ ಷಟರ್.

ಹೆಂಡತಿ ನೀರಿನ ಲೋಟ ಕೆಳಗಿಟ್ಟಳು. "ಪಾಸಾದೋಳು ನಾನಲ್ಲ ರೀ. ನನ್ನನ್ನ ಯಾರು ನೋಡಿದ್ರು? ಪರೀಕ್ಷೆಗೆ ಕೂತಿದ್ದು ಆ ಕುಂಡ. ಫೇಲಾಗಿದ್ದೂ ಅದೇ."

ಅವನಿಗೆ ಎದೆಯಲ್ಲಿ ಏನೋ ಕೊಕ್ಕೆ ಹಾಕಿ ಎಳೆದ ಹಾಗಾಯಿತು. ಜಾಮ್ ಆದ ಷಟರನ್ನು ಬಲವಂತಕ್ಕೆ ಎಳೆದರೆ ಆಗುತ್ತದಲ್ಲ, ಹಾಗೆ. ಉಪಕರಣದ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ.

ಹೊರಟದ್ದು ಆಸ್ಪತ್ರೆಗೇ. ಯಂತ್ರದ ಕೋಣೆಗೆ ಪಡಸಾಲೆಯ ಕಡೆ ಒಂದು ಕಿಟಕಿ ಕಟ್ಟೆ, ಅದಕ್ಕೊಂದು ಪುಟ್ಟ ಷಟರ್. ಅದು ಅರ್ಧದಲ್ಲಿ ಸಿಕ್ಕಿಕೊಂಡು, ರಿಪೇರಿಗೆ ಅವನಿಗೆ ಕರೆ ಬಂದಿತ್ತು. ಅವನು ಏಣಿ ಹತ್ತಿ ಮೇಲಿನ ಮುಚ್ಚಳ ಬಿಚ್ಚಿ ಸ್ಪ್ರಿಂಗಿಗೆ ಕೈ ಹಾಕಿದ್ದ. ಒಳಗೆ ದೊಡ್ಡ ಡಾಕ್ಟರೂ ಟ್ಯೂಬ್ ಮೇಡಮ್ಮೂ ಇದ್ದರು. ಏಣಿಯ ಮೇಲಿರುವವನಿಗೆ ಕಿವಿ ಇರುತ್ತದೆ ಎಂಬುದು ದೊಡ್ಡವರಿಗೆ ನೆನಪಾಗುವುದಿಲ್ಲ.

"ಮುಚ್ಚಿಬಿಡೋಣ ಇದನ್ನ," ಎನ್ನುತ್ತಿದ್ದರು ಡಾಕ್ಟರು. "ಸಕ್ಕರೆ ನೀರಿನ ಪರೀಕ್ಷೇಲಿ ಆ ಕಾರ್ಖಾನೆ ಹೆಂಗಸರಲ್ಲಿ ಒಬ್ಬಳಿಗೂ ಸಕ್ಕರೆ ಇಲ್ಲ. ನಿನ್ನ ಮಾರ್ಕರ್ ಕೇಳಿದ್ರೆ ಎಷ್ಟೋ ಜನಕ್ಕೆ ಇದೆ ಅನ್ನುತ್ತೆ. ಯಾವುದಮ್ಮಾ ಸುಳ್ಳು?"

"ಸರ್, ಬೇರೆ ಕಡೆಯಿಂದ ಬಂದ ಬಸುರಿಯರಲ್ಲಿ ಎರಡೂ ತಾಳೆಯಾಗಿದೆ. ಇವರಲ್ಲಿ ಮಾತ್ರ..."

"ಇವರಲ್ಲಿ ಮಾತ್ರ ಏನು? ಇವರ ರಕ್ತ ಬೇರೆ ಬಣ್ಣವಾ? ಹಳೇ ಪರೀಕ್ಷೆ ಹೇಳಿದ್ದೇ ಸರಿ ಅಂತ ನೀನೇ ಬರೆದಿದ್ದೀಯ. ನಾಳೆ ಮ್ಯಾನೇಜರು ಬರ್ತಾರೆ, ಆರೋಗ್ಯವಂತ ಕಾರ್ಖಾನೆ ಅಂತ ಅವರಿಗೆ ಸನ್ಮಾನ ಇದೆ. ಟ್ಯೂಬೆಲ್ಲ ಎಸೆದು ಕೋಣೆ ಖಾಲಿ ಮಾಡು."

ಷಟರ್‌ನ ಕೈಯಿಂದ ಸ್ಪ್ಯಾನರು ಜಾರಿ ಟಣ್ ಎಂದು ಬಿತ್ತು. ಡಾಕ್ಟರು ಬೆಚ್ಚಿ, "ಮೆಲ್ಲಗಯ್ಯಾ!" ಎಂದು ಗದರಿ ಹೊರಟುಹೋದರು. ಅವನು ಏಣಿ ಇಳಿದು, ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಕಿಟಕಿಯಲ್ಲಿ ತಲೆ ತೂರಿಸಿದ.

"ಮೇಡಂ, ನನ್ನ ಹೆಂಡತೀನೂ ರಕ್ತ ಕೊಟ್ಟಿದ್ಲು. ಅವಳದು ಏನು ಬಂದಿದೆ?"

"ಹೇಳೋ ಹಾಗಿಲ್ಲಪ್ಪ. ನಿಯಮ."

"ಇದೆ ಅಂತ ಬಂದಿದ್ರೂ ಹೇಳಲ್ವಾ?"

"ಅದು ಸರಿಯೋ ತಪ್ಪೋ ನನಗೇ ಗೊತ್ತಿಲ್ಲ," ಎಂದಳು. ಕಣ್ಣು ಕೆಂಪಾಗಿತ್ತು. "ಅವರು ಸಕ್ಕರೆ ನೀರು ಕುಡಿದು ಪಾಸಾಗಿದ್ದಾರೆ ತಾನೇ? ಸಂತೋಷವಾಗಿರಿ."

ತನ್ನ ಹೆಂಡತಿಯ ರಕ್ತ ಆ ಕೋಣೆಯಲ್ಲಿ ಕೂತು ನಿಜ ಹೇಳುತ್ತಿದೆ. ಅದನ್ನು ಸುಳ್ಳೆಂದು ಎಸೆಯುತ್ತಿದ್ದಾರೆ. ಯಾಕೆ? ಭಾನುವಾರದ ಮೇಷ್ಟ್ರು ಪಾಠ ಚೆನ್ನಾಗಿ ಹೇಳಿಕೊಟ್ಟಿದ್ದರು, ಅದಕ್ಕೆ. ಸ್ಪ್ರಿಂಗು ಬಿಗಿಯದೆ, ಷಟರನ್ನು ಅರ್ಧಕ್ಕೇ ಬಿಟ್ಟು ಮನೆಗೆ ಬಂದ.

ಕೇಳಿದ್ದನ್ನೆಲ್ಲ ಹೇಳಿದ. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾಳೆ ಹೋಗಿ ಕುಡೀತೀನಿ," ಎಂದಳು.

"ನಾಳೆ ಮ್ಯಾನೇಜರು ಬರ್ತಾನೆ ಕಣೇ! ಅವನ ಮುಂದೆ? ನಿನ್ನ ಜಾಗ ಹೋಗುತ್ತೆ. ಓಣಿಯವರೆಲ್ಲ ಸಿಕ್ಕಿಬೀಳ್ತಾರೆ. ನನ್ನನ್ನ ಚಚ್ಚಿ ಹಾಕ್ತಾರೆ."

"ಚಚ್ಚಲಿ. ನೀವು ಗಟ್ಟಿ ಪಿಂಡ ಅಲ್ವಾ."

"ತಾಳು. ಮೊದಲು ನಾನು ಡಾಕ್ಟರ ಹತ್ರ ಮಾತಾಡ್ತೀನಿ. ಯಾರ ಹೆಸರೂ ಹೇಳದೆ ಸರಿಮಾಡ್ತೀನಿ."

"ಮಾಡಿ," ಎಂದು ಮಗ್ಗುಲಿಗೆ ಹೊರಳಿದಳು. ಆ ಒಂದು ಮಾತಿನಲ್ಲಿ ಅವನ ಮೇಲೆ ಅವಳಿಗೆಷ್ಟು ನಂಬಿಕೆ ಉಳಿದಿದೆ ಎಂದು ಗೊತ್ತಾಗಿಹೋಯಿತು.

* * *

ಬೆಳಿಗ್ಗೆ ದೊಡ್ಡ ಡಾಕ್ಟರ ಕೋಣೆಯಲ್ಲಿ ಮ್ಯಾನೇಜರು ಆಗಲೇ ಬಂದು ಕೂತಿದ್ದರು. ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ, ಪಕ್ಕದಲ್ಲಿ ಹೊಳೆಯುವ ಕಾಗದ ಸುತ್ತಿದ ಫಲಕ. ಟ್ಯೂಬ್ ಮೇಡಂ ಮೂಲೆಯಲ್ಲಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದಳು. ಷಟರ್ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

"ಬಿಲ್ಲಿಗೆ ಆಮೇಲೆ ಬಾರಯ್ಯಾ," ಎಂದರು ಡಾಕ್ಟರು.

"ಬಿಲ್ಲಿಗಲ್ಲ ಸರ್. ಮೇಡಂ ಟ್ಯೂಬು ಸುಳ್ಳು ಹೇಳ್ತಿಲ್ಲ. ಸುಳ್ಳು ಹೇಳ್ತಿರೋದು ನಿಮ್ಮ ಬೆಂಚು. ಅಲ್ಲಿ ಕಾರ್ಖಾನೆ ಹೆಂಗಸರು ಯಾರೂ ಸಕ್ಕರೆ ನೀರು ಕುಡಿದೇ ಇಲ್ಲ."

ಮೇಡಂ ಕಣ್ಣರಳಿಸಿದಳು. "ಕುಡಿದಿಲ್ವಾ? ಹಾಗಾದ್ರೆ ನನ್ನ ಮಾರ್ಕರ್ ಸರಿ! ಸರ್, ನನ್ನ ಮಾರ್ಕರ್ ಸರಿ!" ಎಂದು ಚಪ್ಪಾಳೆ ತಟ್ಟಿಯೇಬಿಟ್ಟಳು. ಮರುಕ್ಷಣ ತಟ್ಟಿದ ಕೈ ಹಾಗೇ ನಿಂತಿತು. ಷಟರ್‌ನ ಮುಖ ನೋಡಿ ಆಕೆಗೆ ಉಳಿದದ್ದೂ ಅರ್ಥವಾಗಿತ್ತು.

"ಯಾರು ಹೇಳಿದ್ದು ಕುಡಿದಿಲ್ಲ ಅಂತ?" ಮ್ಯಾನೇಜರು ತಲೆ ವಾಲಿಸಿದರು.

"ಕುಡೀಬೇಡಿ ಅಂತ ಹೇಳ್ಕೊಟ್ಟೋನು ನಾನೇ."

ದೊಡ್ಡ ಡಾಕ್ಟರು ಸಾವಕಾಶವಾಗಿ ನಕ್ಕರು. "ನೋಡಪ್ಪಾ, ನೀನು ಹೇಳಿದ್ದನ್ನ ನಂಬಿ ಆಸ್ಪತ್ರೆ ನಡೆಸೋಕಾಗಲ್ಲ. ನಮ್ಮಲ್ಲಿ ಎಲ್ಲಕ್ಕೂ ಪದ್ಧತಿ ಇದೆ. ಲೋಟ ಕೊಟ್ಟಿದ್ದೀವಿ, ಲೋಟ ಖಾಲಿಯಾಗಿ ವಾಪಸ್ ಬಂದಿದೆ. ಕುಡಿದಿದ್ದಾರೆ ಅಂತಲೇ ಅರ್ಥ. ಇಲ್ಲ ಅನ್ನೋಕೆ ಸಾಕ್ಷಿ ಏನಿದೆ?"

ಷಟರ್ ಹೊರಗೆ ಹೋದ. ಪಡಸಾಲೆಯ ಕುಂಡವನ್ನು ತಬ್ಬಿಕೊಂಡು ಎತ್ತಿದ. ಷಟರ್ ಎತ್ತುವ ತೋಳಿಗೆ ಕುಂಡ ಯಾವ ಲೆಕ್ಕ? ತಂದು ಮೇಜಿನ ಮೇಲೆ ಧೊಪ್ಪನೆ ಇಟ್ಟ. ಬುಡ ಅಲುಗಿದ್ದೇ ತಡ, ಇರುವೆಗಳು ದಿಕ್ಕೆಟ್ಟು ಹೊರಬಿದ್ದವು. ಫಲಕದ ಮೇಲೆ, ತಟ್ಟೆಯ ಮೇಲೆ, ಮ್ಯಾನೇಜರ ಕೋಟಿನ ತೋಳಿನ ಮೇಲೆ.

"ಇದೇ ಸಾಕ್ಷಿ. ಎಲ್ಲ ಬಸುರಿಯರ ಪಾಲಿನದೂ ಇದೇ ಕುಡಿದಿದೆ. ಇದರ ರಕ್ತ ತೆಗೆದು ನೋಡಿ ಬೇಕಾದ್ರೆ."

ಮ್ಯಾನೇಜರು ಕೋಟು ಕೊಡವುತ್ತಾ ಕುರ್ಚಿಯಿಂದ ಜಿಗಿದರು. ದೊಡ್ಡ ಡಾಕ್ಟರು ಹಿಂದೆ ಸರಿದು, ಜೀವಮಾನದ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿ ಹೇಳಿದರು:

"ಇರುವೆ ಮಾನ್ಯತೆ ಪಡೆದ ಪರೀಕ್ಷೆ ಅಲ್ಲ."

ಷಟರ್‌ಗೆ ಡಾಕ್ಟರ ಹಣೆಯ ಮೇಲಿನ ಕನ್ನಡಕವೊಂದೇ ಕಂಡಿತು. ಈ ಮನುಷ್ಯನನ್ನು ಏನು ಮಾಡಬೇಕು? ಬೈಯಲೇ, ಕಾಲಿಗೆ ಬೀಳಲೇ, ಕುಂಡವನ್ನೇ ತಲೆಯ ಮೇಲೆ ಹಾಕಲೇ? ಅಷ್ಟರಲ್ಲಿ ಹೊರಗೆ ಪಡಸಾಲೆಯಿಂದ ಒಂದು ಧ್ವನಿ ಕೇಳಿಸಿತು. ಅವನಿಗೆ ಚೆನ್ನಾಗಿ ಗೊತ್ತಿದ್ದ ಧ್ವನಿ.

"ಸೂಜಿಯಕ್ಕಾ, ಬರೀ ಹೊಟ್ಟೇಲಿ ಬಂದಿದ್ದೀನಿ. ಆ ನೀರು ಕಲಸಿಕೊಡಿ. ನೀವು ಎದುರಿಗೇ ನಿಂತ್ಕೊಳ್ಳಿ, ನೋಡ್ತಾ ಇರಿ. ನಾನು ಹೋದ ಸಲ ಕುಡಿದಿರ್ಲಿಲ್ಲ."

ಎಲ್ಲರೂ ಹೊರಗೆ ಬಂದರು. ಬೆಂಚಿನ ನಡುಮಧ್ಯೆ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಅತ್ತೆ, ಕೋಟೆ ಕಾಯುವವಳ ಹಾಗೆ ಕಾಲೂರಿಕೊಂಡು. ಸೂಜಿಯಕ್ಕ ಓಡುವುದನ್ನು ನಿಲ್ಲಿಸಿ ನಿಂತಿದ್ದಳು. ಆಕೆ ನಿಂತದ್ದನ್ನು ಆ ಆಸ್ಪತ್ರೆ ಅವತ್ತೇ ಕಂಡದ್ದು.

ಸೂಜಿಯಕ್ಕ ಮೊದಲು ಬರೀ ಹೊಟ್ಟೆಯ ರಕ್ತ ತೆಗೆದಳು, ಆಮೇಲೆ ಲೋಟ ಕೊಟ್ಟಳು.

"ತಾಯಿ, ಯೋಚನೆ ಮಾಡಿ," ಎಂದರು ಮ್ಯಾನೇಜರು. ತಲೆ ಆಗಲೇ ವಾಲಿತ್ತು. "ಆಮೇಲೆ ನೀವು ವಿಶ್ರಾಂತಿ..."

"ಮಾಡಿದ್ದೀನಿ ಸರ್," ಎಂದು ಅವಳು ಲೋಟವನ್ನು ಬಾಯಿಗಿಟ್ಟಳು. ಒಂದೊಂದೇ ಗುಟುಕು. ನಡುವೆ ಓಕರಿಕೆ ಬಂತು, ಅತ್ತೆ ಬೆನ್ನು ಸವರಿದಳು. ಈ ಸಲ ಮುಖ ತಾನಾಗಿ ಕಿವುಚಿಕೊಂಡಿತು. ಯಾರೂ ಹೇಳಿಕೊಟ್ಟದ್ದಲ್ಲ. ಅಭ್ಯಾಸದ ಯಾವ ಮುಖಕ್ಕೂ ಅದು ಹೋಲಲಿಲ್ಲ.

ಷಟರ್ ಅವಳ ಪಕ್ಕ ಕೂತ. ಮತ್ತೆ ಒಳಗೆ ಹೋಗಿದ್ದ ದೊಡ್ಡ ಡಾಕ್ಟರು ಅಲ್ಲಿಂದಲೇ, "ಏಯ್, ಸನ್ಮಾನಕ್ಕೆ ಜನ ಬರ್ತಾರೆ, ಈ ಅರ್ಧ ತೆರೆದ ಷಟರನ್ನ ಸರಿಮಾಡು ಬಾ!" ಎಂದು ಕೂಗಿದರು.

"ಇವಳ ಎರಡನೇ ರಕ್ತ ತೆಗೆಯೋವರೆಗೂ ಏಳಲ್ಲ ಸರ್. ಬಗ್ಗಿ ಇಣುಕೋಕೆ ಹೇಳಿ ನಿಮ್ಮ ಜನಕ್ಕೆ."

ಕಾಯುವ ಹೊತ್ತಿನಲ್ಲಿ ಅವಳು ಅವನ ಹೆಗಲಿಗೆ ಒರಗಿದಳು. "ಯಾಕೆ ರೀ ಗಡಿಯಾರಾನೇ ನೋಡ್ತಿದ್ದೀರಿ?"

"ಪರೀಕ್ಷೆ ಅಂದ್ರೆ ನನಗೆ ಆಗಲ್ಲ, ಗೊತ್ತಲ್ಲ."

ಫಲಿತಾಂಶ ಬಂದಾಗ ಸೂಜಿಯಕ್ಕ ತಾನೇ ಬಂದು ಹೇಳಿದಳು. ಸಕ್ಕರೆ ಗೆರೆ ದಾಟಿತ್ತು, ಸ್ವಲ್ಪವಲ್ಲ, ಚೆನ್ನಾಗಿಯೇ.

"ಫೇಲಾ ಅಕ್ಕಾ?" ಎಂದ ಷಟರ್.

"ಎಂಥಾ ಫೇಲು? ಇದೆಯಾ ಇಲ್ವಾ, ಅಷ್ಟೇ. ಇದೆ. ಮಗು ಒಳಗೆ ಚೆನ್ನಾಗಿ ಒದೀತಿದೆ, ಇನ್ನೂ ಟೈಮಿದೆ. ಇವತ್ತಿಂದ ಊಟ ಹೇಗೆ ಅಂತ ಹೇಳ್ಕೊಡ್ತೀನಿ, ನೀನು ಮೇಷ್ಟ್ರಲ್ವಾ, ನೀನೂ ಕೂತು ಕಲಿ."

* * *

ಮಾರನೆಯ ದಿನ ಬಸ್ ಡ್ರೈವರನ ಹೆಂಡತಿ ಬಂದು ಬೆಂಚಿನ ಮೇಲೆ ಕೂತಳು. ಆಮೇಲೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಷಟರ್ ಭಾನುವಾರದ ಶಿಷ್ಯರ ಮನೆಮನೆಗೆ ಹೋಗಿ ಕಲಿಸಿದ್ದನ್ನು ಮರೆಸಿ ಬಂದ. ಇಬ್ಬರು ಬೈದರು. ಒಬ್ಬ ಕೊರಳಪಟ್ಟಿ ಹಿಡಿದ. ಹಿಡಿದವನ ಹೆಂಡತಿಯೇ ಬಿಡಿಸಿದಳು. ಫಲಿತಾಂಶಗಳು ಒಂದೊಂದಾಗಿ ಟ್ಯೂಬಿನ ಮಾತಿಗೆ ತಾಳೆಯಾಗುತ್ತಾ ಹೋದವು.

ವಿಶ್ರಾಂತಿ ಕೊಡಬೇಕಾದವರ ಸಾಲು ಪ್ಯಾಕಿಂಗ್ ಸಾಲಿನಷ್ಟೇ ಉದ್ದವಾಯಿತು. ಎಲ್ಲರಿಗೂ ಕೊಟ್ಟರೆ ಬಿಸ್ಕತ್ತು ಸುತ್ತುವವರು ಯಾರು? ಮ್ಯಾನೇಜರ ತಲೆ ಮೊದಲ ಸಲ ನೆಟ್ಟಗಾಯಿತು. ರಾತ್ರೋರಾತ್ರಿ ಅವರಿಗೆ ಜ್ಞಾನೋದಯವಾಗಿ, ಸಕ್ಕರೆ ಇರುವವರೂ ಕೂತು ಕೆಲಸ ಮಾಡಬಹುದು ಎಂದು ಕುರ್ಚಿ ತರಿಸಿದರು. ಆ ಕುರ್ಚಿಗಳನ್ನು ಹೆಂಗಸರು ಎಷ್ಟು ವರ್ಷದಿಂದ ಕೇಳಿದ್ದರೋ. ಗೇಟಿನ ಹಳೇ ಬೋರ್ಡಿಗೆ ಬಣ್ಣ ಬಳಿದು, ಬಸುರಿಯರ ಬಗ್ಗೆ ಕಾಳಜಿಯುಳ್ಳ ಕಾರ್ಖಾನೆ ಎಂದು ಬರೆಸಿದರು.

ಷಟರ್‌ನ ಹೆಂಡತಿ ಅಳತೆ ನೋಡಿ ಉಂಡಳು, ದಿನವೂ ಬೆರಳು ಚುಚ್ಚಿಕೊಂಡಳು, ಕುರ್ಚಿಯಲ್ಲಿ ಕೂತು ಬಿಸ್ಕತ್ತು ಸುತ್ತಿದಳು, ಒಂದನ್ನೂ ಬಾಯಿಗೆ ಹಾಕಲಿಲ್ಲ. ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು. ತೂಕ ಎಷ್ಟಿರಬೇಕೋ ಅಷ್ಟು. ಸಿಟ್ಟು ಮಾತ್ರ ಅಪ್ಪನದು ಎಂದಳು ಅಜ್ಜಿ.

ಮಗುವನ್ನೆತ್ತಿಕೊಂಡು ಅವರು ಆಸ್ಪತ್ರೆಯ ಸಭೆಗೆ ಹೋದದ್ದು ಸೂಜಿಯಕ್ಕ ಕರೆದಳು ಅಂತ. ಬೆಂಚಿಗೆ ಈಗ ಇನ್ನೊಬ್ಬ ನರ್ಸು ಬಂದಿದ್ದಳು. ಟ್ಯೂಬ್ ಮೇಡಂ ಮಾರ್ಕರನ್ನು ಬೇರೆ ಊರುಗಳಲ್ಲೂ ನೋಡಬೇಕು, ಇನ್ನೂ ಕೆಲಸವಿದೆ ಎಂದು ಚುಟುಕಾಗಿ ಹೇಳಿ ಕೂತಳು. ಆಮೇಲೆ ದೊಡ್ಡ ಡಾಕ್ಟರು ಎದ್ದರು. ಪರದೆಯ ಮೇಲೆ ಒಂದು ಭಾರೀ ಇರುವೆಯ ಚಿತ್ರ ಮೂಡಿತು.

"ಮೊದಲ ದಿನವೇ ಕುಂಡದಲ್ಲಿ ಇರುವೆ ಕಂಡಾಗ ನನಗೆ ಅನುಮಾನ ಬಂದಿತ್ತು," ಎಂದರು ಅವರು. "ವೈದ್ಯನಾದವನು ಕಣ್ಣು ತೆರೆದಿಟ್ಟುಕೊಂಡಿರಬೇಕು."

ಷಟರ್‌ನ ಕಿವಿ ಕಾದ ಕಬ್ಬಿಣವಾಯಿತು. ಅರ್ಧ ಎದ್ದೂಬಿಟ್ಟಿದ್ದ. ಹೆಂಡತಿ ಅಂಗಿಯ ಚುಂಗು ಹಿಡಿದು ಕೂರಿಸಿದಳು.

"ಸುಮ್ನಿರಿ. ಅಲ್ನೋಡಿ."

ವೇದಿಕೆಯ ಮೇಜಿನ ಕಾಲು ಹತ್ತಿ, ಮೇಲುಹೊದಿಕೆಯ ಅಂಚು ದಾಟಿ, ಇರುವೆಗಳು ಸಾಲು ಹಿಡಿದು ದೊಡ್ಡ ಡಾಕ್ಟರ ಮುಂದಿದ್ದ ಬಿಸ್ಕತ್ತಿನ ತಟ್ಟೆಗೆ ಬರುತ್ತಿದ್ದವು. ಡಾಕ್ಟರು ಮಾತಿನ ಭರದಲ್ಲಿ ಕೈ ಚಾಚಿ ಒಂದು ಬಿಸ್ಕತ್ತು ತೆಗೆದು ಬಾಯಿಗಿಟ್ಟರು. ಕನ್ನಡಕ ಹಣೆಯ ಮೇಲೇ ಇತ್ತು.